ಬಕ್ಕೇಶಪ್ಪನವರ ಹೊಟ್ಟೆ ಕುಣಿದದ್ದು

ದಾವಣಗೆರೆಯ ಮಂಡಿಪೇಟೆಯಲ್ಲಿ ಹೊಟ್ಟೆ ಇಲ್ಲದ ವ್ಯಾಪಾರಿಯನ್ನು ನಂಬುವವರು ಕಡಿಮೆ. ತಾನೇ ಹೊಟ್ಟೆ ತುಂಬ ಉಣ್ಣದವನು ನಮ್ಮ ಜೋಳಕ್ಕೆ ಏನು ರೇಟು ಕೊಟ್ಟಾನು ಎಂಬುದು ಸುತ್ತಲಿನ ಹಳ್ಳಿಗಳ ಸರಳ ಅರ್ಥಶಾಸ್ತ್ರ. ಈ ಶಾಸ್ತ್ರದ ಪ್ರಕಾರ ಬಕ್ಕೇಶಪ್ಪನವರು ಇಡೀ ಪೇಟೆಯಲ್ಲೇ ಪರಮ ನಂಬಿಕಸ್ಥರು. ಅವರು ಅಂಗಡಿಯ ಬಾಗಿಲಿಗೆ ಬರುವ ಮೊದಲೇ ಅವರ ಹೊಟ್ಟೆ ಬಂದು ಗಿರಾಕಿಯನ್ನು ಮಾತಾಡಿಸುತ್ತಿತ್ತು. ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಇವರಿಗೆ ಅಂಗಡಿಯೂ ಹೊಟ್ಟೆಯೂ ಒಟ್ಟಿಗೇ ಬಂದಿದ್ದವು. (ಅಂಗಡಿಯಲ್ಲಿ ತಮ್ಮನಿಗೊಂದು ಪಾಲು ಹೋಗಿತ್ತು. ಹೊಟ್ಟೆ ಮಾತ್ರ ಪೂರ್ತಿ ಇವರದೇ.)

ತಮ್ಮನ್ನು ಎಲ್ಲರೂ ನಂಬಬೇಕು ಎನ್ನುವ ಬಕ್ಕೇಶಪ್ಪನವರು ತಾವು ಮಾತ್ರ ಯಾರನ್ನೂ ನಂಬುವವರಲ್ಲ. ಅವರಿಗೆ ಮಾದರಿ ಬೇಕು. ಜೋಳದ ಚೀಲ ಬಂತೆಂದರೆ ಕಬ್ಬಿಣದ ಕೊಳವೆಯನ್ನು ಮೇಲೊಮ್ಮೆ, ನಡುವೊಮ್ಮೆ, ತಳಕ್ಕೊಮ್ಮೆ ಚುಚ್ಚಿ, ಬಂದ ಕಾಳನ್ನು ಅಂಗೈಯಲ್ಲಿ ಹರಡಿ, ಎರಡು ಕಾಳು ಹಲ್ಲಿಗೆ ಕೊಟ್ಟು ಕಡಿದ ಮೇಲೆಯೇ ರೇಟಿನ ಮಾತು. ಕೊಂಡಜ್ಜಿ ಹಳ್ಳಿಯ ಗುತ್ತೆಪ್ಪ ಎಂಬ ರೈತ ಎಷ್ಟೋ ವರ್ಷದಿಂದ ಇವರ ಅಂಗಡಿಗೇ ಮೆಕ್ಕೆಜೋಳ ಹಾಕುವವನು. ನನ್ನ ಮೇಲೂ ನಂಬಿಕೆ ಇಲ್ಲವೇ ಎಂದು ವರ್ಷವರ್ಷವೂ ಮುಖ ಊದಿಸಿಕೊಳ್ಳುತ್ತಿದ್ದ. ಬಕ್ಕೇಶಪ್ಪನವರು ವರ್ಷವರ್ಷವೂ ಅದೇ ಉತ್ತರ ಕೊಡುತ್ತಿದ್ದರು.

"ಮೂರು ಕಡೆ ಮಾದರಿ ನೋಡದೆ ನಮ್ಮಪ್ಪನ ಮಾಲೂ ತಗಳಲ್ಲ, ಗುತ್ತೆಪ್ಪ. ಬೇಜಾರು ಮಾಡ್ಕಬ್ಯಾಡ."

ಈ ಮಾತನ್ನು ನೀವು ನೆನಪಿನಲ್ಲಿ ಇಟ್ಟುಕೊಂಡರೆ ಒಳ್ಳೆಯದು. ಬಕ್ಕೇಶಪ್ಪನವರು ಆಡಿ ಮರೆಯುತ್ತಿದ್ದರು, ಗುತ್ತೆಪ್ಪ ಮರೆಯುತ್ತಿರಲಿಲ್ಲ.

ಹೀಗೆ ಹೊಟ್ಟೆಯೂ ವ್ಯಾಪಾರವೂ ಸುಖವಾಗಿದ್ದಾಗ ಮಗಳು ಕೃತಿಕಾ ಕೆಡಿಸಿದಳು. ಫಾರ್ಮಸಿ ಓದುವ ಹುಡುಗಿ. ಮನೆಯಲ್ಲಿ ಯಾರು ಮೆಟ್ಟಿಲು ಹತ್ತಿ ಏದುಸಿರು ಬಿಟ್ಟರೂ ಅವಳ ಕಣ್ಣಿಗೆ ಪಾಠದ ಪುಸ್ತಕವೇ ಕಾಣುತ್ತದೆ. ಅಪ್ಪ ಅವ್ವ ಇಬ್ಬರನ್ನೂ ಹೃದಯದ ಡಾಕ್ಟರಮ್ಮನ ಹತ್ತಿರ ಎಳೆದುಕೊಂಡು ಹೋದಳು. ಡಾಕ್ಟರಮ್ಮ ಇಬ್ಬರ ಎದೆಗೂ ವೈರು ಅಂಟಿಸಿ ಟ್ರೆಡ್‌ಮಿಲ್ ಎಂಬ ಓಡುವ ಪಟ್ಟಿಯ ಮೇಲೆ ಹತ್ತಿಸಿದರು. ಹೆಂಡತಿ ಸರ್ವಮಂಗಳಮ್ಮ ಸ್ವಲ್ಪ ಹೊತ್ತು ನಡೆದು ಸಾಕೆಂದರು. ಬಕ್ಕೇಶಪ್ಪನವರು ಅದಕ್ಕಿಂತ ಮುಂಚೆಯೇ ಸಾಕೆಂದರು. ನಿಂತಲ್ಲೇ ನಡೆದು ಎಲ್ಲಿಗೆ ಹೋಗಬೇಕು ಎಂದು ಡಾಕ್ಟರಮ್ಮನನ್ನೇ ಕೇಳಿದರು.

ಡಾಕ್ಟರಮ್ಮ ನಗದೆ ತೀರ್ಪು ಕೊಟ್ಟರು. ಇಬ್ಬರ ಹೃದಯವೂ ಸೋಮಾರಿಯಾಗಿದೆ, ದಿನಾ ಕಾರ್ಡಿಯೋ ಮಾಡಬೇಕು, ಅಂದರೆ ಎದೆಬಡಿತ ಏರಿ ಬೆವರು ಹರಿಯುವಂಥ ವ್ಯಾಯಾಮ. ಯಾವುದನ್ನಾದರೂ ಮಾಡಿ, ಆದರೆ ಬಿಡದೆ ಮಾಡಿ. ಮೂರು ತಿಂಗಳು ಬಿಟ್ಟು ಮತ್ತೆ ಪಟ್ಟಿಯ ಮೇಲೆ ಓಡಿಸುತ್ತೇನೆ. ಅಲ್ಲಿಯವರೆಗೆ ಬೆಣ್ಣೆ ದೋಸೆ ವಾರಕ್ಕೊಂದೇ. ಆಗಲೂ ಹೀಗೇ ಇದ್ದರೆ ಬೆಣ್ಣೆ ದೋಸೆ ಪೂರ್ತಿ ಬಂದ್.

ಬಕ್ಕೇಶಪ್ಪನವರ ಎದೆ ನಿಜವಾಗಿ ಹೊಡೆದುಕೊಂಡದ್ದು ಆವಾಗ. ದಾವಣಗೆರೆಯಲ್ಲಿ ಹುಟ್ಟಿ, ದಾವಣಗೆರೆಯಲ್ಲೇ ಬೆಳೆದು, ಬೆಣ್ಣೆ ದೋಸೆ ತಿನ್ನದೆ ಬದುಕುವುದೆಂದರೆ ಅದಕ್ಕೆ ಬದುಕು ಎಂದು ಹೆಸರಿಡಬೇಕೇ, ನೀವೇ ಹೇಳಿ. ಹೋಗಲಿ ಎಂದು ಅವರು ಬೆಳಗಿನ ವಾಕಿಂಗ್ ಶುರು ಮಾಡಿದರು. ಪಕ್ಕದ ಬೆಲ್ಲದ ಅಂಗಡಿಯ ಶಿವಮೂರ್ತಪ್ಪ ಜೊತೆಗಾರ. ಇಬ್ಬರೂ ಸ್ಕೂಟರಿನಲ್ಲಿ ಮೈದಾನದವರೆಗೆ ಹೋಗಿ, ಗೇಟಿನಿಂದ ಒಳಗಿನ ಕಲ್ಲುಬೆಂಚಿನವರೆಗೆ ನಡೆದು, ಅಲ್ಲಿ ಮಳೆ ಬೆಳೆ ರಾಜಕೀಯಕ್ಕೆ ಒಂದು ವ್ಯವಸ್ಥೆ ಮಾಡಿ, ಮತ್ತೆ ಗೇಟಿನವರೆಗೆ ನಡೆದು, ನೇರ ಹೋಟೆಲಿಗೆ ಹೋಗುತ್ತಿದ್ದರು. ವಾರಕ್ಕೊಂದೇ ದೋಸೆ ಎಂಬ ಡಾಕ್ಟರಮ್ಮನ ಆಜ್ಞೆಯನ್ನು ಬಕ್ಕೇಶಪ್ಪನವರು ಚಾಚೂ ತಪ್ಪದೆ ಪಾಲಿಸುತ್ತಿದ್ದರು. ಒಂದು ಹೋಟೆಲಿನಲ್ಲಿ ವಾರಕ್ಕೆ ಒಂದೇ. ದಾವಣಗೆರೆಯಲ್ಲಿ ಹೋಟೆಲುಗಳಿಗೇನು ಬರವೇ?

ಸರ್ವಮಂಗಳಮ್ಮ ವಾಕಿಂಗಿಗೆ ಬರಲಿಲ್ಲ. ತಮ್ಮ ತವರೂರಾದ ಹರಿಹರದಲ್ಲಿ ಅಕ್ಕ ನೀಲಕ್ಕ ಇದ್ದಾಳೆ, ಅವಳು ಹೋಗುವ ವ್ಯಾಯಾಮದ ಕ್ಲಾಸಿಗೆ ನಾನೂ ಸೇರಿದ್ದೇನೆ ಎಂದಷ್ಟೇ ಹೇಳಿ, ವಾರಕ್ಕೆ ಮೂರು ಸಲ ಬಸ್ಸು ಹತ್ತುತ್ತಿದ್ದರು. ಏನು ವ್ಯಾಯಾಮ ಎಂದು ಗಂಡ ಕೇಳಲಿಲ್ಲ. ಹೆಂಡತಿ ಮನೆಯಲ್ಲಿ ಇಲ್ಲದ ದಿನ ಯಾವ ಹೋಟೆಲು ಎಂಬ ಯೋಚನೆಯಲ್ಲೇ ಅವರಿಗೆ ಪುರಸೊತ್ತಿರಲಿಲ್ಲ.

ಗುಟ್ಟು ರಟ್ಟಾದದ್ದು ಹಿತ್ತಿಲಿನ ಬಟ್ಟೆ ಹಗ್ಗದ ಮೇಲೆ. ಒಂದು ಭಾನುವಾರ ಬಕ್ಕೇಶಪ್ಪನವರು ಟವೆಲು ತೆಗೆದುಕೊಳ್ಳಲು ಹೋದರೆ, ಸೀರೆಗಳ ನಡುವೆ ಕೆಂಪು ಬಟ್ಟೆಯೊಂದು ನೇತಾಡುತ್ತಿತ್ತು. ಅದರ ತುಂಬ ಬಿಲ್ಲೆಗಳು. ಗಾಳಿಗೆ ಝಲ್ ಝಲ್ ಎನ್ನುತ್ತಿತ್ತು. ಬಕ್ಕೇಶಪ್ಪನವರು ಅದನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದು ಒಳಗೆ ಬಂದು, ಇದು ಯಾರ ಎತ್ತಿನದು, ಕಾರಹುಣ್ಣಿಮೆ ಇನ್ನೂ ದೂರ ಐತಲ್ಲ ಎಂದು ಕೇಳಿದರು.

ಸರ್ವಮಂಗಳಮ್ಮ ಪಲ್ಯಕ್ಕೆ ತರಕಾರಿ ಹೆಚ್ಚುತ್ತಿದ್ದವರು ತಲೆ ಎತ್ತಲಿಲ್ಲ. "ನಂದು," ಎಂದರು.

ಕೃತಿಕಾ ಬಾಯಿಗೆ ಕೈ ಅಡ್ಡ ಹಿಡಿದು, ಅಪ್ಪಾಜಿ, ಅದು ಬೆಲ್ಲಿ ಡ್ಯಾನ್ಸಿನ ಬೆಲ್ಟು, ಅವ್ವ ಹರಿಹರದಲ್ಲಿ ಕಲಿಯುತ್ತಿರುವುದು ಅದೇ ಎಂದು ವಿವರಿಸಿದಳು. ಹಾಗೆಂದರೇನೆಂದು ತಿಳಿಯದ ಅಪ್ಪನಿಗೆ ಫೋನಿನಲ್ಲಿ ಒಂದು ವಿಡಿಯೋ ತೋರಿಸಿದಳು. ಬಕ್ಕೇಶಪ್ಪನವರು ಅದನ್ನು ಎರಡು ಸಲ ನೋಡಿ, ಮೂರನೆಯ ಸಲ ನೋಡುವ ಮುಂಚೆ ಸಿಟ್ಟು ಮಾಡಿಕೊಂಡರು.

ಮುಂದಿನ ಅರ್ಧ ಗಂಟೆ ಆ ಮನೆಯಲ್ಲಿ ನಡೆದದ್ದನ್ನು ಪೂರ್ತಿ ಬರೆಯುವುದು ಸಭ್ಯತೆಯಲ್ಲ. ಸಾರಾಂಶ ಇಷ್ಟು: ಮನೆತನ, ಮಠ, ಮಂಡಿಪೇಟೆ ಮೂರರ ಮಾನವೂ ಹೋಯಿತು ಎಂದು ಬಕ್ಕೇಶಪ್ಪನವರು. ಕ್ಲಾಸಿನಲ್ಲಿ ಗಂಡಸರ ನೆರಳೂ ಇಲ್ಲ, ಹತ್ತಾರು ಹೆಂಗಸರು ಚೂಡಿದಾರ ಹಾಕಿಕೊಂಡು ಬೆವರು ಸುರಿಸುತ್ತಾರೆ, ಮಾನ ಹೋಗುವುದಕ್ಕೆ ಅಲ್ಲಿ ಜಾಗವೇ ಇಲ್ಲ ಎಂದು ಸರ್ವಮಂಗಳಮ್ಮ. ಮಾನದ ದಾರಿಯಲ್ಲಿ ಸೋತ ಬಕ್ಕೇಶಪ್ಪನವರು ವಿಜ್ಞಾನದ ದಾರಿ ಹಿಡಿದರು. ಮಾನ ಹೋಗಲಿ, ಇದು ವ್ಯಾಯಾಮವೇ ಅಲ್ಲವಲ್ಲ. ಕಾಲು ಒಂದು ಗೇಣು ಮುಂದೆ ಹೋಗುವುದಿಲ್ಲ, ಕೈ ಒಂದು ಸೇರು ಎತ್ತುವುದಿಲ್ಲ.

"ನಿಂತಲ್ಲೇ ನಿಂತು ಹೊಟ್ಟೆ ಅಲ್ಲಾಡಿಸಿದ್ರೆ ಹೊಟ್ಟೆಗೆ ಗೊತ್ತಾದೀತು. ಮ್ಯಾಲಿರೋ ಹೃದಯಕ್ಕೆ ಹೆಂಗೆ ಗೊತ್ತಾಗತೈತೆ?"

"ನಿಮ್ಮದು ಕೂತಲ್ಲೇ ಅಲ್ಲಾಡತೈತಲ್ರಿ," ಎಂದರು ಸರ್ವಮಂಗಳಮ್ಮ. "ಅದಕ್ಕೇ ನಿಮ್ಮ ಹೃದಯಕ್ಕೆ ಏನೂ ಗೊತ್ತಾಗಿಲ್ಲ. ಮಾತು ಬ್ಯಾಡ. ಡಾಕ್ಟರಮ್ಮ ಹೆಂಗೂ ಇಬ್ಬರನ್ನೂ ಆ ಪಟ್ಟಿ ಮ್ಯಾಲೆ ಓಡಸ್ತಾರೆ. ನಾನು ಹಿಂದೆ ಬಿದ್ರೆ ಹರಿಹರ ಬಿಟ್ಟು ನಿಮ್ಮ ಹಿಂದೆ ವಾಕಿಂಗ್ ಬರ್ತೀನಿ. ನೀವು ಹಿಂದೆ ಬಿದ್ರೆ ನೀವು ಹರಿಹರಕ್ಕೆ ಬಂದು ಕುಣೀಬೇಕು."

ಕೃತಿಕಾ ಚಪ್ಪಾಳೆ ಹೊಡೆದಳು. ಮಗಳ ಎದುರು ಹಿಂದೆ ಸರಿಯಲು ಅಪ್ಪನಿಗೆ ನಾಚಿಕೆ, ಎಷ್ಟು ಕಾಲ ಕುಣಿಯಬೇಕು ಎಂದು ಮಗಳ ಎದುರು ಚೌಕಾಶಿ ಮಾಡಲು ಇನ್ನೂ ನಾಚಿಕೆ. ಬಕ್ಕೇಶಪ್ಪನವರು ಹೆಗಲಿನ ಟವೆಲು ತೆಗೆದು ಹೆಂಡತಿಯ ಮುಂದೆ ಚಾಚಿದರು.

ಮಂಡಿಯ ಟವೆಲು ವ್ಯಾಪಾರ ನೋಡದವರಿಗೆ ಒಂದು ಮಾತು. ಈಗ ರೇಟೆಲ್ಲ ಕಂಪ್ಯೂಟರಿನಲ್ಲೇ ಬೀಳುತ್ತದೆ, ಆದರೆ ಬಕ್ಕೇಶಪ್ಪನವರಂಥ ಹಳಬರು ಇನ್ನೂ ಟವೆಲು ಬಿಟ್ಟಿಲ್ಲ. ಕೊಳ್ಳುವವನೂ ಮಾರುವವನೂ ಟವೆಲಿನ ಕೆಳಗೆ ಕೈ ಕೈ ಹಿಡಿದು ಬೆರಳು ಒತ್ತುತ್ತಾರೆ. ಒತ್ತಿದಷ್ಟು ಬೆರಳು, ಅಷ್ಟು ರೇಟು. ಸುತ್ತ ನಿಂತ ನೂರು ಜನಕ್ಕೂ ಗೊತ್ತಾಗುವುದಿಲ್ಲ. ಸಾಕ್ಷಿ ಇಲ್ಲ, ರುಜು ಇಲ್ಲ, ಆದರೆ ಒಮ್ಮೆ ಒಪ್ಪಿ ಕೈ ಕುಲುಕಿದ ಮೇಲೆ ಮುರಿದವನ ಟವೆಲಿನ ಕೆಳಗೆ ಆಮೇಲೆ ಯಾರೂ ಕೈ ಹಾಕುವುದಿಲ್ಲ. ಸರ್ವಮಂಗಳಮ್ಮನ ಅಪ್ಪ ಹರಿಹರದಲ್ಲಿ ಶೇಂಗಾ ವ್ಯಾಪಾರಿ. ಅವರ ತೊಡೆಯ ಮೇಲೆ ಕೂತು ಆಡಿದ ಮಗಳಿಗೆ ಅಕ್ಷರಕ್ಕಿಂತ ಮುಂಚೆ ಬೆರಳಿನ ಲೆಕ್ಕ ಬಂದಿತ್ತು. ಇದು ಬಕ್ಕೇಶಪ್ಪನವರಿಗೆ ಗೊತ್ತಿತ್ತು. ಎಷ್ಟು ಚೆನ್ನಾಗಿ ಬಂದಿತ್ತು ಎಂಬುದು ಗೊತ್ತಿರಲಿಲ್ಲ.

ಸೋತವರಿಗೆ ಬೆರಳೊಂದಕ್ಕೆ ಒಂದು ತಿಂಗಳು ಎಂದು ಮಾತಾಯಿತು. ಟವೆಲಿನ ಕೆಳಗೆ ಸರ್ವಮಂಗಳಮ್ಮ ಒಂದು ಬೆರಳು ಒತ್ತಿದರು. ಬಕ್ಕೇಶಪ್ಪನವರು ಎರಡು ಒತ್ತಿದರು. ಸರ್ವಮಂಗಳಮ್ಮನ ಮುಖ ಸಣ್ಣಗಾಯಿತು, ಕೈ ಮೆಲ್ಲಗೆ ಹಿಂದಕ್ಕೆ ಸರಿಯಿತು. ಹೆದರಿದಳು ಎಂದುಕೊಂಡರು ಬಕ್ಕೇಶಪ್ಪನವರು. ಎದುರಿನವನ ಕೈ ಹಿಂದೆ ಸರಿದಾಗ ಏರಿಸಬೇಕು ಎಂಬುದು ಮಂಡಿಯ ವೇದವಾಕ್ಯ. ಐದು ತಿಂಗಳು ಹೆಂಡತಿಯನ್ನು ಬೆಳಗಾಗೆದ್ದು ಮೈದಾನದ ಸುತ್ತ ತಿರುಗಿಸುವ ದೃಶ್ಯ ಕಣ್ಣ ಮುಂದೆ ಬಂದು, ಅವರು ಆ ಕೈಯನ್ನು ಬಿಗಿಯಾಗಿ ಹಿಡಿದು ಐದೂ ಬೆರಳು ಒತ್ತಿ ಕುಲುಕಿಬಿಟ್ಟರು. ಸರ್ವಮಂಗಳಮ್ಮ ಮತ್ತೆ ತರಕಾರಿ ಹೆಚ್ಚಲು ಕೂತರು.

ಮೂರು ತಿಂಗಳು ಮುಗಿದು ಡಾಕ್ಟರಮ್ಮನ ಕೋಣೆಯಲ್ಲಿ ಮತ್ತೆ ಪಟ್ಟಿ ಓಡಿತು. ಸರ್ವಮಂಗಳಮ್ಮ ಸೆರಗು ಸಿಕ್ಕಿಸಿಕೊಂಡು, ಸಂತೆಗೆ ಹೊತ್ತಾಯಿತು ಎನ್ನುವವರ ಹಾಗೆ ನಡೆದರು. ಪಟ್ಟಿ ಜೋರಾದರೆ ಅವರೂ ಜೋರಾದರು. ಕೊನೆಗೆ ಡಾಕ್ಟರಮ್ಮನೇ ಸಾಕಮ್ಮ ಎಂದು ನಿಲ್ಲಿಸಿದರು. ಬಕ್ಕೇಶಪ್ಪನವರು ಹತ್ತಿದಾಗ ಯಂತ್ರ ಇನ್ನೂ ಬಿಸಿಯಾಗುವ ಮುಂಚೆ ಅವರು ಬಿಸಿಯಾಗಿ, ಕಂಬಿಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ನಿಂತರು. ದಿನಾ ಎಲ್ಲಿಯವರೆಗೆ ವಾಕಿಂಗ್ ಹೋಗುತ್ತೀರಿ ಎಂದು ಡಾಕ್ಟರಮ್ಮ ಕೇಳಿದರು. ಹೋಟೆಲಿನವರೆಗೆ ಎಂದು ಕೃತಿಕಾ ಉತ್ತರ ಕೊಟ್ಟಳು. ಮಕ್ಕಳನ್ನು ಓದಿಸಬಾರದು ಎಂದು ಬಕ್ಕೇಶಪ್ಪನವರಿಗೆ ಆ ಕ್ಷಣದಲ್ಲಿ ಖಾತ್ರಿಯಾಯಿತು.

ಬೆಣ್ಣೆ ದೋಸೆ ಬಂದ್ ಆಯಿತು. ಪಟ್ಟಿಯ ಪರೀಕ್ಷೆ ಪಾಸಾಗುವವರೆಗೆ ಯಾವ ಹೋಟೆಲಿನಲ್ಲೂ ಇಲ್ಲ. ಬಕ್ಕೇಶಪ್ಪನವರು ಮುಳುಗುವವರ ಹಾಗೆ ಕೊನೆಯ ಹುಲ್ಲುಕಡ್ಡಿ ಹಿಡಿದರು. ನ್ಯಾಯವಾಗಿ ಹೇಳಿ ಡಾಕ್ಟರಮ್ಮ, ಬೆಲ್ಲಿ ಡ್ಯಾನ್ಸ್ ಅನ್ನುವುದು ಹೃದಯಕ್ಕೆ ವ್ಯಾಯಾಮ ಹೌದೋ ಅಲ್ಲವೋ?

ಡಾಕ್ಟರಮ್ಮ ಕನ್ನಡಕ ತೆಗೆದರು. "ಸುಮ್ನೆ ನಿಂತು ಮೆಲ್ಲಗೆ ಸೊಂಟ ತಿರುಗಿಸಿದ್ರೆ ಅಂಥದ್ದೇನೂ ಇಲ್ಲ, ಮೈ ಸಡಿಲ ಆಗುತ್ತೆ ಅಷ್ಟೆ. ಬೆವರು ಬರೋ ಹಾಗೆ, ಬಿಡದೆ ಅರ್ಧ ಗಂಟೆ ಕುಣಿದ್ರೆ ಬಿರುಸು ನಡಿಗೆಗೆ ಸಮ. ನಿಮ್ಮ ವಾಕಿಂಗಿಗಿಂತ ಅಂತೂ ಯಾವುದಾದ್ರೂ ಮೇಲು."

ಇದಾದ ಮೇಲೆ ಬಕ್ಕೇಶಪ್ಪನವರು ಟವೆಲಿನ ವಿಷಯ ಮರೆತರು. ಅಂಗಡಿಯಲ್ಲಿ ಸ್ಟಾಕು ನೋಡಬೇಕು ಎಂದರು, ನೆಗಡಿ ಎಂದರು, ಅಮಾವಾಸ್ಯೆ ಎಂದರು. ಅಮಾವಾಸ್ಯೆ ಕಳೆದ ಮೇಲೆ, ಅಷ್ಟಕ್ಕೂ ಸಾಕ್ಷಿ ಯಾರಿದ್ದಾರೆ ಎಂದರು. ಸರ್ವಮಂಗಳಮ್ಮ ಒಂದು ಮಾತೂ ಆಡಲಿಲ್ಲ. ಮದುವೆಯಾಗಿ ಇಷ್ಟು ವರ್ಷವಾದರೂ ಹೆಂಡತಿಯ ಮೌನಕ್ಕೆ ಹೆದರಬೇಕು ಎಂದು ಬಕ್ಕೇಶಪ್ಪನವರು ಕಲಿತಿರಲಿಲ್ಲ.

ಸೋಮವಾರ ಮಂಡಿಪೇಟೆ ಗಿಜಿಗುಡುವ ಹೊತ್ತಿಗೆ ಸರ್ವಮಂಗಳಮ್ಮ ಇಳಕಲ್ ಸೀರೆ ಉಟ್ಟು ಅಂಗಡಿಯ ಕಟ್ಟೆ ಹತ್ತಿದರು. ಗಂಡನ ಹೆಗಲಿನಿಂದ ಟವೆಲು ಎಳೆದು, ಗಂಡನ ಕೈ ಹಿಡಿದು, ಅದರ ಮೇಲೆ ಟವೆಲು ಹೊದಿಸಿದರು. ಹಮಾಲರು ಹೊತ್ತ ಚೀಲ ಹೊತ್ತ ಹಾಗೆಯೇ ನಿಂತರು. ಶಿವಮೂರ್ತಪ್ಪ ಬೆಲ್ಲದ ತಕ್ಕಡಿ ಬಿಟ್ಟು ಓಡಿ ಬಂದರು. ಮಂಡಿಪೇಟೆಯ ಸಮಸ್ತ ಚರಿತ್ರೆಯಲ್ಲಿ ಹೆಂಗಸೊಬ್ಬಳು ಟವೆಲಿನ ಕೆಳಗೆ ಕೈ ಹಾಕಿದ್ದನ್ನು ಯಾರೂ ಕಂಡಿರಲಿಲ್ಲ. ಸರ್ವಮಂಗಳಮ್ಮ ಒಂದೊಂದಾಗಿ ಐದು ಬೆರಳು ಒತ್ತಿದರು. ಒತ್ತಿ, ಎಲ್ಲರಿಗೂ ಕೇಳುವ ಹಾಗೆ ಕೇಳಿದರು.

"ಒಪ್ಪಿದ ವ್ಯಾಪಾರ ಐತೋ, ಮುರೀತೋ? ಹೇಳ್ರಿ."

ಇಡೀ ಪೇಟೆ ಬಕ್ಕೇಶಪ್ಪನವರ ಬಾಯಿ ನೋಡುತ್ತಿತ್ತು. ಮುರಿಯಿತು ಎಂದರೆ ಮೂರು ತಲೆಮಾರಿನ ಟವೆಲು ಅವತ್ತೇ ಕೈ ಒರೆಸುವ ಬಟ್ಟೆಯಾಗುತ್ತಿತ್ತು. ಐತೆ ಎಂದರು. ಹೆಂಡತಿ ಹೋದ ಮೇಲೆ ಶಿವಮೂರ್ತಪ್ಪ ಹತ್ತಿರ ಬಂದು, ಏನು ರೇಟಿಗೆ ಹೋಯಿತು ಎಂದು ಕಿವಿಯಲ್ಲಿ ಕೇಳಿದರು. ಬಾಳ ತುಟ್ಟಿ ಆತು ಎಂದಷ್ಟೇ ಬಕ್ಕೇಶಪ್ಪನವರು ಹೇಳಿದರು.

ಕೈ ಹಿಂದಕ್ಕೆ ಎಳೆದು ಗಿರಾಕಿಯಿಂದಲೇ ರೇಟು ಏರಿಸುವುದು ತನ್ನ ಅಪ್ಪ ಹೇಳಿಕೊಟ್ಟ ವಿದ್ಯೆ ಎಂದು ಸರ್ವಮಂಗಳಮ್ಮ ಹರಿಹರದ ಬಸ್ಸಿನಲ್ಲಿ ಗಂಡನಿಗೆ ತಿಳಿಸಿದರು.

ಕ್ಲಾಸು ಇದ್ದದ್ದು ಗೊಬ್ಬರದ ಅಂಗಡಿಯೊಂದರ ಮಾಳಿಗೆಯಲ್ಲಿ. ಕಲಿಸುವವಳು ಆಶಾ ಎಂಬ ಹುಡುಗಿ, ದೈಹಿಕ ಶಿಕ್ಷಣ ಓದಿದವಳು, ಕೊರಳಲ್ಲಿ ಸೀಟಿ. ಗಂಡಸರಿಗೆ ಇಲ್ಲಿ ಪ್ರವೇಶ ಇಲ್ಲ ಅಂಕಲ್ ಎಂದಳು. ಬಕ್ಕೇಶಪ್ಪನವರಿಗೆ ಆ ಹುಡುಗಿಯ ಮೇಲೆ ಮಗಳಿಗಿಂತ ಹೆಚ್ಚು ಪ್ರೀತಿ ಉಕ್ಕಿತು. ನಿಯಮ ಅಂದರೆ ನಿಯಮ, ಮುರಿಯಬಾರದು ಎನ್ನುತ್ತ ಅವರು ಆಗಲೇ ಎರಡು ಮೆಟ್ಟಿಲು ಇಳಿದಿದ್ದರು. ಅದಕ್ಕೇ ನಿಮಗೆ ಹೆಂಗಸರು ಬರುವ ಮುಂಚಿನ ಒಂದು ತಾಸು ಬೇರೆ ಇಟ್ಟಿದ್ದೇನೆ, ಆಂಟಿ ಮೊದಲೇ ಹೇಳಿದ್ದರು ಎಂದು ಆಶಾ ಮಾತು ಮುಗಿಸಿದಳು.

ಆ ಮೊದಲ ದಿನದ ಸಂಗತಿ ನಾನು ಹೇಳಬಾರದು, ಆದರೂ ನೀವು ಕೇಳುತ್ತೀರಿ. ಧೋತರದ ಮೇಲೆ ಬಿಲ್ಲೆಯ ಬೆಲ್ಟು ಕಟ್ಟಬೇಕಾಯಿತು. ಒಂದು ಬೆಲ್ಟು ಸುತ್ತಲು ಸಾಲದೆ ಹೆಂಡತಿಯದನ್ನೂ ನೀಲಕ್ಕನದನ್ನೂ ಗಂಟು ಹಾಕಿದರು. ಆಶಾ ಏನೇನೋ ಹೆಸರು ಹೇಳಿ ಸೊಂಟ ಕುಲುಕಿಸಿ ತೋರಿಸಿದಳು. ಬಕ್ಕೇಶಪ್ಪನವರಿಗೆ ಒಂದೂ ತಿಳಿಯಲಿಲ್ಲ. ಆಗ ಸರ್ವಮಂಗಳಮ್ಮ, ಅಷ್ಟೆಲ್ಲ ಯಾಕ, ಅಂಗಡಿಯಲ್ಲಿ ಜರಡಿ ಹಿಡಿಯೋದಿಲ್ಲವೇ, ಸೊಂಟವೇ ಜರಡಿ ಅಂದುಕೊಳ್ಳಿ ಎಂದರು. ಇದು ತಿಳಿಯಿತು. ಬಕ್ಕೇಶಪ್ಪನವರು ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಒಂದು ಚೀಲ ಕಡಲೆ ಸುರಿದುಕೊಂಡು ಜರಡಿ ಹಿಡಿದರು. ಆಶಾ ಸೀಟಿ ಊದಿದಳು. ಬಕ್ಕೇಶಪ್ಪನವರು ನಿಂತರು. ಹೊಟ್ಟೆ ನಿಲ್ಲಲಿಲ್ಲ. ಅದು ತನ್ನ ಪಾಡಿಗೆ ಇನ್ನೂ ನಾಲ್ಕು ಸುತ್ತು ಮುಗಿಸಿ ನಿಧಾನವಾಗಿ ನಿಂತಿತು.

ಅಷ್ಟರಲ್ಲೇ ಅವರಿಗೆ ಉಸಿರು ಸಿಗುತ್ತಿರಲಿಲ್ಲ. ಎದೆ ಧಡಧಡ ಹೊಡೆದುಕೊಳ್ಳುತ್ತಿತ್ತು, ಬೆವರು ಕಿವಿಯಿಂದ ಇಳಿಯುತ್ತಿತ್ತು. ಗೋಡೆಗೆ ಒರಗಿ ಕೂತವರ ಮುಂದೆ ನೀಲಕ್ಕ ಮಜ್ಜಿಗೆ ಹಿಡಿದು ಬಗ್ಗಿದರು. "ಏನ್ ಬಕ್ಕೇಶಪ್ಪಾರೆ, ಮ್ಯಾಲಿನ ಹೃದಯಕ್ಕೆ ಗೊತ್ತಾತಾ?" ಎಂದು ಕೇಳಿದರು. ತಂಗಿ ಎಲ್ಲವನ್ನೂ ಹೇಳಿದ್ದಳು. ವಾದದಲ್ಲಿ ಸೋತವನು ಕೊನೆಗೆ ಅಲ್ಲ ಎಂದಾದರೂ ಅನ್ನಬಹುದು, ಅದಕ್ಕೂ ಉಸಿರು ಬೇಕಲ್ಲ.

ಆದರೆ ವ್ಯಾಪಾರ ವ್ಯಾಪಾರವೇ. ಬೆಣ್ಣೆ ದೋಸೆಯನ್ನು ನೆನೆಸಿಕೊಂಡು ಅವರು ಹೋದರು, ಕುಣಿದರು, ಬಂದರು. ಮೊದಮೊದಲು ದೋಸೆಗಾಗಿ ಕುಣಿದರು, ಆಮೇಲೆ ಸ್ವಲ್ಪ ಹಟಕ್ಕಾಗಿ. ಕೊನೆಕೊನೆಗೆ, ಇದನ್ನು ಯಾರಿಗೂ ಹೇಳಬೇಡಿ, ಅಂಗಡಿಯಲ್ಲಿ ಯಾರೂ ಇಲ್ಲದಾಗ ಗಾದಿಯ ಹಿಂದೆ ನಿಂತು ಒಂದೆರಡು ಸುತ್ತು ತಾವಾಗಿಯೇ ಜರಡಿ ಹಿಡಿಯತೊಡಗಿದರು. ಐದು ತಿಂಗಳಿಗೆ ಮೂರು ಬೆಲ್ಟಿನ ಗಂಟು ಬಿಚ್ಚಿ ಒಂದೇ ಬೆಲ್ಟು ಸುತ್ತಲು ಸಾಕಾಯಿತು. ಡಾಕ್ಟರಮ್ಮನ ಪಟ್ಟಿಯ ಮೇಲೆ ಅವರು ಮದುಮಗನ ಹಾಗೆ ನಡೆದರು. ಡಾಕ್ಟರಮ್ಮ ಬೆನ್ನು ತಟ್ಟಿ, ವಾರಕ್ಕೊಂದು ಬೆಣ್ಣೆ ದೋಸೆ ತಿನ್ನಬಹುದು ಎಂದರು. ಎಲ್ಲಾ ಹೋಟೆಲು ಸೇರಿ ಒಂದು ಎಂದು ಕೃತಿಕಾ ಬಿಡಿಸಿ ಹೇಳಿದಳು.

ಇತ್ತ ಮಂಡಿಪೇಟೆಯಲ್ಲಿ ಬೇರೆಯೇ ಗಾಳಿ ಬೀಸುತ್ತಿತ್ತು. ಬಕ್ಕೇಶಪ್ಪನ ಹೊಟ್ಟೆ ಇಳಿದಿದೆ ಎಂಬುದನ್ನು ಮೊದಲು ಕಂಡವರು ಶಿವಮೂರ್ತಪ್ಪ. ಗೆಳೆಯನ ಮೇಲಿನ ಮಮತೆಯಿಂದ ಅವರು ಅದನ್ನು ಇಡೀ ಪೇಟೆಗೆ ಹಂಚಿಕೊಂಡರು. ಹೆಂಡತಿ ಅಂಗಡಿಗೇ ಬಂದು ಟವೆಲು ಹಾಸಿದ ದಿನದಿಂದಲೇ ಏನೋ ಐತೆ ಎಂದು ಒಬ್ಬರು, ಜೋಳದಲ್ಲಿ ಭಾರೀ ಹೊಡೆತ ಬಿದ್ದಿದೆ ಎಂದು ಇನ್ನೊಬ್ಬರು. ವಾಕಿಂಗ್ ಮಾಡಿ ಇಳಿಸಿದೆ ಎಂದು ಬಕ್ಕೇಶಪ್ಪನವರು ಹೇಳಿಕೊಂಡು ತಿರುಗಿದರು. ಅವರ ವಾಕಿಂಗ್ ನೋಡಿದ ಊರು ಅದನ್ನು ನಂಬಲಿಲ್ಲ. ಕುಣಿದು ಇಳಿಸಿದೆ ಎಂದು ಹೇಳಲು ಅವರಿಗೆ ಬಾಯಿ ಬರಲಿಲ್ಲ.

ಡಾಕ್ಟರಮ್ಮ ಪಾಸು ಮಾಡಿದ ಮರುದಿನ ಬೆಳಿಗ್ಗೆ ಬಕ್ಕೇಶಪ್ಪನವರು ಹೆಂಡತಿಯನ್ನು ಕರೆದುಕೊಂಡು ಹೋಟೆಲಿಗೆ ಹೋದರು. ಅಲ್ಲಿಂದ ಕೊನೆಯ ಕ್ಲಾಸಿಗೆ ಹರಿಹರಕ್ಕೆ ಹೋಗುವುದಿತ್ತು, ಹಾಗಾಗಿ ಬೆಲ್ಟು ಸರ್ವಮಂಗಳಮ್ಮನ ಚೀಲದಲ್ಲಿತ್ತು. ದೋಸೆ ಬಂತು. ಹೊಂಬಣ್ಣದ ದೋಸೆ, ಮೇಲೆ ಬೆಣ್ಣೆಯ ಮುದ್ದೆ, ಪಕ್ಕದಲ್ಲಿ ಆಲೂಗಡ್ಡೆ ಪಲ್ಯ, ಬಿಳಿ ಚಟ್ನಿ. ಬೆಣ್ಣೆ ಮೆಲ್ಲಗೆ ಜಾರತೊಡಗಿತ್ತು. ಬಕ್ಕೇಶಪ್ಪನವರ ಕಣ್ಣು ತುಂಬಿ ಬಂತು. ಒಂದು ತುಂಡು ಮುರಿದು ಇನ್ನೇನು ಬಾಯಿಗಿಡಬೇಕು, ಎದುರಿನ ಕುರ್ಚಿಯಲ್ಲಿ ಗುತ್ತೆಪ್ಪ ಬಂದು ಕೂತ.

"ಸಾವ್ಕಾರ್ರೆ, ತಪ್ಪು ತಿಳೀಬ್ಯಾಡ್ರಿ," ಎಂದ. "ಟ್ರ್ಯಾಕ್ಟರಿನಾಗೆ ಜೋಳ ತಂದೀನಿ. ಈ ಸಲ ಬ್ಯಾರೆ ಅಂಗಡಿಗೆ ಇಳಸಾಣ ಅಂತ."

ಬಕ್ಕೇಶಪ್ಪನವರ ಕೈಯಲ್ಲಿನ ತುಂಡು ತಟ್ಟೆಗೆ ಬಿತ್ತು. ಗುತ್ತೆಪ್ಪ ಹೋದರೆ ಅವನ ಹಿಂದೆ ಇಡೀ ಕೊಂಡಜ್ಜಿಯೇ ಹೋಗುತ್ತದೆ. ಯಾಕ ಎಂದು ಕೇಳಿದರು. ಗುತ್ತೆಪ್ಪ ಅವರ ಹೊಟ್ಟೆ ಇದ್ದ ಜಾಗವನ್ನು ನೋಡಿ ನಿಟ್ಟುಸಿರು ಬಿಟ್ಟ. ನಮ್ಮಪ್ಪನ ಕಾಲದಿಂದ ಆ ಹೊಟ್ಟೆ ನೋಡಿ ಮಾಲು ಹಾಕಿದವರು ನಾವು, ಈಗ ಅದೇ ಇಲ್ಲ ಎಂದ ಮೇಲೆ ಒಳಗೆ ಏನು ನಡೆದಿದೆಯೋ, ಪೇಟೆಯ ಜನ ಏನೇನೋ ಅನ್ನುತ್ತಾರೆ ಎಂದ. ಅವನ ಮುಖದಲ್ಲಿ ನಿಜವಾದ ಸಂಕಟವಿತ್ತು.

ಹೋಟೆಲು ಸದ್ದಿಲ್ಲದೆ ಕಿವಿ ನಿಮಿರಿಸಿತು. ಮಾನವೋ ಮೆಕ್ಕೆಜೋಳವೋ ಎಂದು ಬಕ್ಕೇಶಪ್ಪನವರು ಒಂದು ಗಳಿಗೆ ತೂಗಿ ನೋಡಿದರು. ಮೆಕ್ಕೆಜೋಳದ ಕಡೆ ತಕ್ಕಡಿ ಬಾಗಿತು.

"ಹೊಡೆತ ಗಿಡ್ತ ಏನೂ ಇಲ್ಲೋ ಮಾರಾಯ. ಕುಣದು ಕರಗಿಸೀನಿ. ಹರಿಹರದಾಗೆ. ಬೆಲ್ಲಿ ಡ್ಯಾನ್ಸು."

ಗುತ್ತೆಪ್ಪ ಕುರ್ಚಿಗೆ ಒರಗಿ ಕೂತು, ಎಷ್ಟೋ ವರ್ಷದಿಂದ ಕಾದಿಟ್ಟುಕೊಂಡ ಮಾತನ್ನು ಮೆಲ್ಲಗೆ ಹೊರಗೆ ತೆಗೆದ.

"ಮಾದರಿ ತೋರಸ್ರಿ."

ಬಕ್ಕೇಶಪ್ಪನವರು ಹೆಂಡತಿಯ ಮುಖ ನೋಡಿದರು. ಹೆಂಡತಿ ಚೀಲದಿಂದ ಬೆಲ್ಟು ತೆಗೆದು ಮೇಜಿನ ಮೇಲಿಟ್ಟರು. ಇನ್ನು ದಾರಿಯಿರಲಿಲ್ಲ. ಅವರು ಎದ್ದು, ಬೆಲ್ಟು ಬಿಗಿದು, ಎರಡು ಸಾಲು ಮೇಜುಗಳ ನಡುವೆ ನಿಂತು, ಶಿವಾ ಎಂದು ಕಣ್ಣು ಮುಚ್ಚಿ ಜರಡಿ ಹಿಡಿದರು. ಝಲ್ ಝಲ್ ಎಂದಿತು. ದೋಸೆ ಹೊಯ್ಯುವವನು ಹಿಟ್ಟಿನ ಸೌಟು ಎತ್ತಿದ ಕೈ ಎತ್ತಿದ ಹಾಗೇ ನಿಂತ, ಹಂಚು ಹೊಗೆಯಾಡಿತು. ಮೂಲೆಯ ಮೇಜಿನಲ್ಲಿದ್ದ ಯಾರೋ ಲೋಟದಿಂದ ತಾಳ ಹಾಕಿದರು. ತಾಳ ಸಿಕ್ಕ ಮೇಲೆ ಬಕ್ಕೇಶಪ್ಪನವರಿಗೂ ತಡೆಯಲಾಗಲಿಲ್ಲ. ಕಲಿತದ್ದನ್ನೆಲ್ಲ ತೋರಿಸಿದರು, ಕಲಿಯದ್ದನ್ನೂ ಒಂದಿಷ್ಟು ಸೇರಿಸಿದರು. ನಿಂತಾಗ ಅವರ ಉಸಿರು ಸರಾಗವಾಗಿತ್ತು, ಎದೆ ಗಡಿಯಾರದಂತೆ ನಡೆಯುತ್ತಿತ್ತು. ನಕ್ಕು ನಕ್ಕು ಗುತ್ತೆಪ್ಪನಿಗೇ ಏದುಸಿರು ಹತ್ತಿ, ಅವನಿಗೆ ನೀರು ಕುಡಿಸಬೇಕಾಯಿತು.

ಬಕ್ಕೇಶಪ್ಪನವರು ವಿಜಯಿಯಾಗಿ ಮೇಜಿಗೆ ಮರಳಿದರು. ತಟ್ಟೆಯಲ್ಲಿ ಒಂದು ಚೂರು ಚಟ್ನಿ ಬಿಟ್ಟರೆ ಏನೂ ಇರಲಿಲ್ಲ. ಸರ್ವಮಂಗಳಮ್ಮ ಕೈ ಒರೆಸಿಕೊಳ್ಳುತ್ತಿದ್ದರು.

"ಆರಿ ಹೋಗ್ತಿತ್ತು ರೀ," ಎಂದರು. "ನಿಮ್ಮದು ಯಾವಾಗ ಮುಗೀತೈತೋ ಏನೋ ಅಂತ ನಾನೇ ತಿಂದೆ. ಇನ್ನೊಂದು ಹೇಳಬ್ಯಾಡ್ರಿ ಮತ್ತೆ. ವಾರಕ್ಕೆ ಒಂದು ದೋಸೆ ತರಿಸಿದ್ದಾತಲ್ಲ."

ಬಕ್ಕೇಶಪ್ಪನವರು ತಟ್ಟೆಯನ್ನೇ ನೋಡುತ್ತ ಕೂತರು. ಎಂಟು ತಿಂಗಳ ಕಥೆ ಆ ಒಂದು ಚೂರು ಚಟ್ನಿಗೆ ಬಂದು ನಿಂತಿತ್ತು. ಹೋಗಲಿ, ದೋಸೆ ಹೋದರೂ ಜೋಳ ಉಳಿಯಿತಲ್ಲ ಎಂದು ತಮ್ಮನ್ನು ತಾವೇ ಸಮಾಧಾನ ಮಾಡಿಕೊಂಡು, ನಡಿ ಗುತ್ತೆಪ್ಪ, ಮಾಲು ಇಳಿಸೋಣ ಎಂದು ಎದ್ದರು. ಗುತ್ತೆಪ್ಪ ಏಳಲಿಲ್ಲ.

"ಅವಸರ ಯಾಕ್ರಿ ಸಾವ್ಕಾರ್ರೆ," ಎಂದ. "ಇದು ಮ್ಯಾಲಿನ ಮಾದರಿ ಆತು. ನಡುವಿಂದು ನಿಮ್ಮ ಅಂಗಡಿ ಮುಂದೆ ನೋಡಾಣ. ತಳದ್ದು ನಮ್ಮೂರಾಗೆ, ನನ್ನ ಹೆಣ್ತಿ ಕರಿಯವ್ವನೂ ನೋಡ್ಲಿ. ಮೂರು ಕಡೆ ನೋಡದೆ ನಮ್ಮಪ್ಪನ ಮಾಲೂ ತಗಳಲ್ಲ. ಬೇಜಾರು ಮಾಡ್ಕಬ್ಯಾಡ್ರಿ."

ಬಕ್ಕೇಶಪ್ಪನವರು ಸೊಂಟದ ಬೆಲ್ಟು ಬಿಚ್ಚಲು ಕೈ ಹಾಕಿದರು. ಸರ್ವಮಂಗಳಮ್ಮ ಆ ಕೈ ಹಿಡಿದರು. ಮತ್ತೆ ಕಟ್ಟಬೇಕಾಗುತ್ತದೆ, ಹಾಗೇ ಇರಲಿ ಬಿಡಿ ಎಂದು ಹೇಳಿ, ಚೀಲ ಹೆಗಲಿಗೇರಿಸಿಕೊಂಡು, ಮಂಡಿಪೇಟೆಯ ಕಡೆ ಮುಂದೆ ನಡೆದರು.